ಗವಂತಿ ತೇರು: ಮುಂಬದಿ ಅರ್ಧ ಬೋಳು, ಹಿಂಬದಿಯೂ ಅರ್ಧ ಬೋಳು. ಎಲ್ಲಿ ತಪ್ಪಿದೆ?

ಕರಿಬಟ್ಟೆ:

ನಾನು ಹುಬ್ಬಳ್ಳಿಯಲ್ಲಿ ಲೆಕ್ಕ ಬರೆಯುವವನು. ಕಸೂತಿಯನ್ನು ಅವ್ವನಿಂದ ಕಲಿತೆ, ಪೈಥಾನ್ ಎಂಬ ಕಂಪ್ಯೂಟರ್ ಭಾಷೆಯನ್ನು ನಾನಾಗಿಯೇ ಕಲಿತೆ. ಎರಡರಲ್ಲೂ ಪಂಡಿತನಲ್ಲ. ಹದಿನಾಲ್ಕು ತಿಂಗಳಿಂದ ಅವ್ವನ ಹರಿದ ಕರಿ ಚಂದ್ರಕಾಳಿ ಸೀರೆಯ ಒಂದು ತುಂಡಿನ ಮೇಲೆ ತೇರು ಹಾಕುತ್ತಿದ್ದೇನೆ, ರಾತ್ರಿ ಊಟವಾದ ಮೇಲೆ ಒಂದು ತಾಸು.

ಕಸೂತಿ ಗೊತ್ತಿಲ್ಲದವರಿಗೆ ಎರಡು ಮಾತು. ಗವಂತಿ ಹೊಲಿಗೆಯಲ್ಲಿ ಸೂಜಿ ಒಮ್ಮೆ ಮೇಲೆ, ಒಮ್ಮೆ ಕೆಳಗೆ ಹೋಗುತ್ತ ಒಂದು ಗೆರೆ ಬಿಟ್ಟು ಒಂದು ಗೆರೆ ತುಂಬುತ್ತದೆ. ಬಿಟ್ಟದ್ದು ಮರಳಿ ಬರುವಾಗ ತುಂಬುತ್ತದೆ. ಬಟ್ಟೆಯ ಮೇಲೆ ಮೊದಲೇ ಚಿತ್ರ ಬರೆದುಕೊಳ್ಳುವಂತಿಲ್ಲ, ಎಳೆ ಎಣಿಸಿಯೇ ಹಾಕಬೇಕು. ಗಂಟು ಹಾಕುವಂತಿಲ್ಲ. ಮುಗಿದಾಗ ಮುಂಬದಿ ಯಾವುದು, ಹಿಂಬದಿ ಯಾವುದು ಎಂದು ತಿಳಿಯಬಾರದು.

ಗಾಲಿಯಲ್ಲಿ ಮೂರು ಸಲ ದಾರಿ ತಪ್ಪಿ ಬಿಚ್ಚಿದ ಮೇಲೆ, ಸೂಜಿ ಹೋಗಬೇಕಾದ ದಾರಿಯನ್ನು ಹೇಳುವ ಪ್ರೋಗ್ರಾಂ ಬರೆಯಲು ಕುಳಿತೆ. 1736ರಲ್ಲಿ ಗಣಿತಜ್ಞ ಆಯ್ಲರ್ ಕೋನಿಗ್ಸ್‌ಬರ್ಗಿನ ಏಳು ಸೇತುವೆಗಳ ಲೆಕ್ಕ ಬಿಡಿಸಿದನಲ್ಲ, ಅದೇ ಸೂತ್ರ: ಪ್ರತಿ ಬಿಂದುವಿನಲ್ಲೂ ಕೂಡುವ ದಾರಿಗಳು ಸಮಸಂಖ್ಯೆಯಲ್ಲಿದ್ದರೆ, ಪ್ರತಿ ದಾರಿಯಲ್ಲೂ ಒಂದೊಂದೇ ಸಲ ನಡೆದು ಹೊರಟಲ್ಲಿಗೇ ಮರಳಬಹುದು. ಪ್ರತಿ ಗೆರೆಯ ಮೇಲೂ ಎರಡು ಸಲ ಹೋಗುವುದರಿಂದ ಪ್ರತಿ ಬಿಂದುವಿಗೂ ಸಮಸಂಖ್ಯೆಯ ದಾರಿಗಳಿರುತ್ತವೆ. ಹಾಗಾಗಿ ಎಲ್ಲವನ್ನೂ ಒಂದೇ ಓಟದಲ್ಲಿ ಮುಗಿಸಬಹುದು. ಗೋಪುರದ ತುದಿಯ ಮೂರು ಹೊಲಿಗೆಯ ಮುಕ್ಕೋನದಲ್ಲಿ ಪರೀಕ್ಷಿಸಿದೆ, ಎರಡೂ ಬದಿ ಚೊಕ್ಕವಾಗಿ ಬಂತು. ಆ ರಾತ್ರಿ ಖುಷಿಯಿಂದ ನಿದ್ದೆ ಬರಲಿಲ್ಲ.

ನಿನ್ನೆ ಗಾಲಿಯೊಳಗಿನ ನಾಲ್ಕು ಹೊಲಿಗೆಯ ಚೌಕಕ್ಕೆ ಬಂದೆ. ಪ್ರೋಗ್ರಾಂ ಹೇಳಿದಂತೆ ಎರಡು ಸುತ್ತು ಹಾಕಿದರೆ, ಮುಂದೆ ಎರಡು ಗೆರೆಗೆ ಜೋಡಿ ದಾರ, ಉಳಿದೆರಡು ಖಾಲಿ. ಹಿಂದೆ ಅದರ ತಿರುವುಮುರುವು. ಮುಕ್ಕೋನದಲ್ಲಿ ಸರಿಯಾದದ್ದು ಚೌಕದಲ್ಲಿ ಏಕೆ ಕೆಟ್ಟಿತು?

ಅವಸರದವನು:

ಕಸೂತಿ ಯಂತ್ರಗಳಿವೆ, ವಿನ್ಯಾಸ ಮಾಡಿಕೊಡುವ ತಂತ್ರಾಂಶಗಳೂ ಇವೆ. ಹದಿನಾಲ್ಕು ತಿಂಗಳು ಒಂದು ತೇರಿಗೆ?

ಕರಿಬಟ್ಟೆ:

ಹೌದು ಸರ್, ಒಂದೇ ತೇರು. ಕಚೇರಿಯಲ್ಲಿ ಮಾರ್ಚ್ 31ಕ್ಕೆ ಲೆಕ್ಕ ಮುಗಿಸಲೇಬೇಕು; ಅಷ್ಟು ಓಡಾಡಿ ಮುಗಿಸಿದ್ದನ್ನು ಏಪ್ರಿಲಿನಲ್ಲಿ ಯಾರೂ ತೆರೆದು ನೋಡುವುದಿಲ್ಲ. ಈ ತೇರಿಗೆ ಗಡುವಿಲ್ಲ. ಬೇಕಾಗಿರುವುದು ನನಗೊಬ್ಬನಿಗೇ. ಆದ್ದರಿಂದ ತಪ್ಪನ್ನು ಮುಚ್ಚಿಡುವ ಗರಜೂ ಇಲ್ಲ.

ಸಮ-ಬೆಸ:

ಗಣಿತ ಕಲಿಸಿ ನಿವೃತ್ತನಾದವನು ನಾನು. ಹೊಲಿಗೆಗಳಿಗೆ ಅಂಕಿ ಕೊಡಿ. ಬೆಸ ಅಂಕಿ ಬಟ್ಟೆಯ ಮೇಲೆ, ಸಮ ಅಂಕಿ ಕೆಳಗೆ. ಮುಕ್ಕೋನದ ಮೊದಲ ಗೆರೆ 1ನೆಯದು, ಎರಡನೆಯ ಸುತ್ತಿನಲ್ಲಿ ಅದೇ ಗೆರೆ 4ನೆಯದು: ಒಂದು ಮೇಲೆ, ಒಂದು ಕೆಳಗೆ. ಚೌಕದಲ್ಲಿ 1 ಮತ್ತು 5, ಎರಡೂ ಮೇಲೆಯೇ. ನಿಮ್ಮನ್ನು ದಾರಿ ತಪ್ಪಿಸಿದ್ದು ಆ ಮುಕ್ಕೋನ. ಪ್ರತಿ ಗೆರೆಗೆ ಎರಡು ಸಲ ಹೋದರೆ ಸಾಲದು, ಒಂದು ಸಲ ಬೆಸ, ಒಂದು ಸಲ ಸಮ ಬೀಳಬೇಕು. ಆಯ್ಲರ್ ಈ ಷರತ್ತು ಹಾಕಿರಲಿಲ್ಲ.

ಸುತ್ತುವುದನ್ನು ಬಿಡಿ. ಹೋದ ದಾರಿಯಲ್ಲೇ ಹಿಂದಕ್ಕೆ ಬನ್ನಿ. ಆಗ ಒಂದು ಗೆರೆಯ ಮೇಲೆ ಹೋದದ್ದಕ್ಕೂ ಮರಳಿದ್ದಕ್ಕೂ ನಡುವೆ ಬೀಳುವ ಹೊಲಿಗೆಗಳೆಲ್ಲ ಜೋಡಿಜೋಡಿಯಾಗಿರುತ್ತವೆ. ಹಾಗಾಗಿ ಹೋಗುವಾಗ ಮೇಲಿದ್ದರೆ ಬರುವಾಗ ಕೆಳಗೆ. ಕವಲಿನೊಳಗೆ ಕವಲಿದ್ದರೂ ಇದು ತಪ್ಪುವುದಿಲ್ಲ.

ಧಾರವಾಡದ ಅಕ್ಕ:

ಗುರುಗಳು ಹೇಳಿದ್ದನ್ನು ನಮ್ಮತ್ತೆ ಒಂದೇ ಮಾತಿನಲ್ಲಿ ಹೇಳುತ್ತಿದ್ದರು: ಹೋದ ಹೆಜ್ಜೆಯಲ್ಲೇ ಬಾ. ಆದರೆ ತಮ್ಮಾ, ಇನ್ನೊಂದು ತೊಡಕಿದೆ. ಇಡೀ ತೇರಿನ ತುದಿಯವರೆಗೆ ಹೋಗಿ ಮರಳುತ್ತೇನೆ ಎಂದರೆ ದಾರ ಸಾಲುವುದಿಲ್ಲ. ನಾನು ಒಂದೂವರೆ ಮೊಳಕ್ಕಿಂತ ಉದ್ದ ಪೋಣಿಸುವುದಿಲ್ಲ. ಉದ್ದವಾದರೆ ಸಿಕ್ಕಾಗುತ್ತದೆ, ಎಳೆದೆಳೆದು ಬಣ್ಣವೂ ಕಂದುತ್ತದೆ. ಸಣ್ಣ ಕೊಂಬೆಗಳನ್ನು ಅಲ್ಲಲ್ಲೇ ಮುಗಿಸಿಕೊಂಡು ಮುಂದೆ ಹೋಗು.

ಕರಿಬಟ್ಟೆ:

ಮೂರು ವಾರ ಕಳೆಯಿತು, ತಡವಾಗಿ ಬರೆಯುತ್ತಿದ್ದೇನೆ, ಕ್ಷಮಿಸಿ.

ಗುರುಗಳ ಮಾತಿನಂತೆ ಹೊಸದಾಗಿ ಬರೆದೆ. ಸಣ್ಣ ಚಿತ್ರಗಳೆಲ್ಲ ಸರಿಯಾದವು. ಇಡೀ ತೇರನ್ನು ಕೊಟ್ಟ ಕೂಡಲೇ ಪ್ರೋಗ್ರಾಂ ನಿಂತುಬಿಟ್ಟಿತು. ಒಂದು ಫಂಕ್ಷನ್ ತನ್ನನ್ನೇ ಕರೆದುಕೊಳ್ಳುತ್ತ ಸುಮಾರು 1000 ಹಂತದಷ್ಟು ಆಳಕ್ಕೆ ಇಳಿದರೆ ಪೈಥಾನ್ ತಾನಾಗಿಯೇ ತಡೆಯುತ್ತದೆ. ಆ ಮಿತಿಯನ್ನು ಏರಿಸಲು ಒಂದೇ ಸಾಲು ಸಾಕು, ಬೆರಳಚ್ಚಿಸಿಯೂ ಇದ್ದೆ. ಆಗ ಅಕ್ಕನ ಮಾತು ನೆನಪಾಯಿತು. ಮರಳದೆ ಸಾವಿರ ಹೊಲಿಗೆ ಮುಂದೆ ಹೋಗುವ ದಾರಿ ಎಂದರೆ ಅಷ್ಟುದ್ದದ ದಾರವೇ ಅಲ್ಲವೇ? ಯಂತ್ರವೂ ಅಕ್ಕನೂ ಹೇಳುತ್ತಿದ್ದದ್ದು ಒಂದೇ. ಆ ಸಾಲನ್ನು ಅಳಿಸಿದೆ.

ಈಗ ಪ್ರೋಗ್ರಾಂ ಚಿತ್ರದ ನಡುಬಿಂದುವಿನಿಂದ ಹೊರಟು ಹತ್ತಿರದ ಬಿಂದುಗಳನ್ನು ಮೊದಲು, ದೂರದವನ್ನು ಆಮೇಲೆ ಸೇರಿಸಿಕೊಂಡು ಗಿಡ್ಡ ಕೊಂಬೆಗಳ ಮರ ಕಟ್ಟುತ್ತದೆ. ಆ ಮರದಲ್ಲಿ ಬಾರದ ಗೆರೆಗಳನ್ನು ಅಲ್ಲಲ್ಲೇ ಒಂದು ಹೆಜ್ಜೆ ಹೋಗಿ, ಒಂದು ಹೆಜ್ಜೆ ಮರಳಿ ಮುಗಿಸುತ್ತದೆ. ಒಟ್ಟು 112 ಸಾಲುಗಳ ಪ್ರೋಗ್ರಾಂ. ಹೆಚ್ಚಿನದೆಲ್ಲ ಅಳಿಸಿ ಬರೆದದ್ದು, ಬಟ್ಟೆಯ ಹಾಗೆಯೇ.

ಮೊನ್ನೆ ಗಾಲಿ ಮುಗಿಯಿತು. ಏನೂ ಹೇಳದೆ, ಬೇಕೆಂದೇ ಹಿಂಬದಿ ಮೇಲೆ ಮಾಡಿ ಅವ್ವನ ಕೈಗೆ ಕೊಟ್ಟೆ. ಕನ್ನಡಕ ಹಾಕಿಕೊಂಡು ಕಿಟಕಿಯ ಬೆಳಕಿಗೆ ಹಿಡಿದಳು, ತಿರುವಿದಳು, ಮತ್ತೆ ತಿರುವಿದಳು. ಯಾವ ಬದಿ ಯಾವುದೆಂದು ಕೇಳಲೇ ಇಲ್ಲ. ಅಚ್ಚಿನ ಪಕ್ಕದ ಒಂದು ಗೆರೆಯ ಮೇಲೆ ಬೆರಳಿಟ್ಟು, "ಇಲ್ಲಿ ಒಂದು ಎಳೆ ಹೆಚ್ಚು ಎಣಿಸಿದ್ದೀ" ಎಂದಳು.

ಅದು ಪ್ರೋಗ್ರಾಮಿನ ತಪ್ಪಲ್ಲ, ನನ್ನ ಕಣ್ಣಿನದು. ಇವತ್ತು ರಾತ್ರಿ ಅಷ್ಟನ್ನು ಬಿಚ್ಚುತ್ತೇನೆ.