ಸಹಾಯ ಬೇಕು: ಮಳೆಗಾಲದಲ್ಲಿ ಕೋಣೆಯೊಳಗೆ ಆಡಿಸುವ ಆಟಗಳು

ಎಲ್ಲರಿಗೂ ನಮಸ್ಕಾರ. ಕೊಡಗಿನ ಸುಂಟಿಕೊಪ್ಪದ ಹತ್ತಿರ ಅಂಗನವಾಡಿ ಕಾರ್ಯಕರ್ತೆಯಾಗಿದ್ದೇನೆ. ಮೂರರಿಂದ ಆರು ವರ್ಷದ 16 ಮಕ್ಕಳು. ಹೆಚ್ಚಿನವರು ತೋಟದ ಲೈನ್ ಮನೆಗಳವರು (ಕಾರ್ಮಿಕರ ಸಾಲುಮನೆಗಳು). ಮನೆಯಲ್ಲಿ ಒಬ್ಬರದು ತಮಿಳು, ಒಬ್ಬರದು ಮಲಯಾಳ, ಇನ್ನೊಬ್ಬರದು ಅಸ್ಸಾಮಿ. ಆಟಕ್ಕಿಳಿದರೆ ಭಾಷೆ ಯಾರಿಗೂ ಅಡ್ಡ ಬರುವುದಿಲ್ಲ.

ಬಿಸಿಲಿದ್ದಾಗ ಚಿಂತೆಯಿರಲಿಲ್ಲ. ಸಿಲ್ವರ್ ಮರದ ಎಲೆ ಆರಿಸಿ ತಂದು, ಹಸಿರು ಬದಿ ಮೇಲಿಟ್ಟು ಒಂದು ಸಾಲು, ಕವುಚಿ ಹಾಕಿ ಬೆಳ್ಳಿ ಬದಿಯದು ಇನ್ನೊಂದು ಸಾಲು ಜೋಡಿಸುತ್ತಿದ್ದರು. ಎಣಿಕೆಯೂ ಅಲ್ಲೇ ಆಗುತ್ತಿತ್ತು. ಜೂನ್‌ನಲ್ಲಿ ಹಿಡಿದ ಮಳೆ ಇನ್ನೂ ಬಿಟ್ಟಿಲ್ಲ. ಜೇಡಿಮಣ್ಣಿನ ಗೊಂಬೆಗಳು ವಾರವಾದರೂ ಒಣಗದೆ ಬೂಸ್ಟು ಹಿಡಿದವು. ಕಾಫಿ ಬೀಜ ಕೊಟ್ಟರೆ ಒಬ್ಬ ಮೂಗಿಗೆ ತುರುಕಿಕೊಂಡ (ಸೀನು ಬಂದದ್ದು ನಮ್ಮ ಪುಣ್ಯ). ಡಬ್ಬಿ ಅಂದೇ ಅಟ್ಟ ಸೇರಿತು.

ನಿನ್ನೆ ಎರಡು ಲೋಟ, ಒಂದು ಚೊಂಬು ನೀರು ಇಟ್ಟೆ. ನಾಲ್ಕು ವರ್ಷದ ಹುಡುಗಿ ಗಿಡ್ಡ ಲೋಟದ ನೀರನ್ನು ಉದ್ದ ಲೋಟಕ್ಕೆ ಸುರಿದು, "ನೀರು ಜಾಸ್ತಿಯಾಯಿತು" ಎಂದಳು. ನಾನು ತಿದ್ದಲಿಲ್ಲ. ಹುಬ್ಬು ಗಂಟಿಕ್ಕಿಕೊಂಡು ಅತ್ತಿಂದಿತ್ತ ಸುರಿಯುತ್ತಲೇ ಇದ್ದಳು. ಇಂಥವೇ ಬೇಕು ನನಗೆ.

ಪೋಷಕರದು ಒಂದೇ ದೂರು: "ಟೀಚರ್, ಬರೆಸುವುದೇ ಇಲ್ಲವಲ್ಲ?" ಮೂರರಿಂದ ಎಂಟು ವರ್ಷದವರೆಗೆ ಆಟ, ಚಟುವಟಿಕೆಗಳ ಮೂಲಕ ಕಲಿಸಬೇಕೆಂದು 2020ರ ರಾಷ್ಟ್ರೀಯ ಶಿಕ್ಷಣ ನೀತಿಯೇ ಹೇಳುತ್ತದೆ. ಹಿಟ್ಟು ನಾದಿ, ಕಾಗದ ಹರಿದು ಬೆರಳು ಪಳಗಿದರೆ ತಾನೇ ಪೆನ್ಸಿಲ್ ಹಿಡಿತಕ್ಕೆ ಬರುವುದು? ಇದನ್ನು ಅವರಿಗೆ ಮನದಟ್ಟಾಗುವಂತೆ ನೀವು ಹೇಗೆ ಹೇಳುತ್ತೀರಿ? ಖರ್ಚಿಲ್ಲದ, ಮೂಗಿಗೆ ಹೋಗದಷ್ಟು ದೊಡ್ಡ ಸಾಮಾನಿನ ಆಟಗಳಿದ್ದರೆ ದಯವಿಟ್ಟು ತಿಳಿಸಿ. ಸೋಮವಾರ ಪೋಷಕರ ಸಭೆಯಿದೆ.