ಕಾಲೇಜ್ ಬ್ಯಾಸ್ಕೆಟ್‌ಬಾಲ್ ಕೋಚ್ ಆಗೋಕೆ ಎನ್‌ಬಿಎ ಆಡಿರ್ಲೇಬೇಕಾ?

ಆ್ಯನ್‌ಆರ್ಬರ್_ಕನ್ನಡಿಗ:
ಮಿಶಿಗನ್‌ನಲ್ಲಿ ಎಂಎಸ್ ಮಾಡಿದೋನು ನಾನು, ಆ ಟೀಮು ಅಂದ್ರೆ ಪ್ರಾಣ. 2019ರಲ್ಲಿ ಜುವಾನ್ ಹೊವಾರ್ಡ್ ಕೋಚ್ ಆಗಿ ಬಂದಾಗ ನಮಗೆ ಹಬ್ಬ, ಇದೇ ಕಾಲೇಜಲ್ಲಿ ಆಡಿದೋರು, ಎನ್‌ಬಿಎನಲ್ಲಿ (ಅಮೆರಿಕದ ಪ್ರೊಫೆಷನಲ್ ಲೀಗು) 19 ಸೀಸನ್ನು, ಅಲ್ಲಿ ಮಯಾಮಿ ಟೀಮ್ ಜೊತೆ ಎರಡು ಟೈಟಲ್ಲು. 2021ರಲ್ಲಿ ಕಾಲೇಜ್ ನ್ಯಾಷನಲ್ ಟೂರ್ನಿಯ ಕೊನೇ ಎಂಟರವರೆಗೂ ಹೋದ್ವಿ. ಆಮೇಲೆ ಇಳೀತಾ ಇಳೀತಾ 2023-24ಕ್ಕೆ 8 ಗೆಲುವು, 24 ಸೋಲು, ಅವರ ಕೆಲಸಾನೂ ಹೋಯ್ತು. ಆ ಜಾಗಕ್ಕೆ ಬಂದ ಡಸ್ಟಿ ಮೇ, ಇಂಡಿಯಾನದಲ್ಲಿ ಹೆಸರಾಂತ ಕೋಚ್ ಬಾಬ್ ನೈಟ್ ಟೀಮಿಗೆ ಸ್ಟೂಡೆಂಟ್ ಮ್ಯಾನೇಜರ್ ಆಗಿದ್ದೋರು. ಮೊದಲ ಸೀಸನ್ನಲ್ಲೇ 27 ಗೆಲುವು! ಹಾಗಾದ್ರೆ ಪ್ರೊ ಆಡಿದ ಅನುಭವಕ್ಕೆ ಬೆಲೆನೇ ಇಲ್ವಾ?

ಬಸವನಗುಡಿ_ಬಾಲರ್:
ದೊಡ್ಡ ಹೆಸರು ನೋಡಿ ತಗೊಂಡು ಎಷ್ಟು ಕಾಲೇಜು ಪೆಟ್ಟು ತಿಂದಿವೆ ನೋಡಿ. ಪ್ಯಾಟ್ರಿಕ್ ಯೂಯಿಂಗ್, ಎನ್‌ಬಿಎ ಸ್ಟಾರ್, ಜಾರ್ಜ್‌ಟೌನ್‌ನ ದೇವರು, 1984ರ ಕಾಲೇಜ್ ನ್ಯಾಷನಲ್ ಟೈಟಲ್ ತಂದ ಹುಡುಗ, ಕೋಚ್ ಆದ್ಮೇಲೆ 2021-22ರಲ್ಲಿ ತಮ್ಮ ಕಾಲೇಜ್ ಲೀಗಾದ ಬಿಗ್ ಈಸ್ಟ್‌ನಲ್ಲಿ 19 ಮ್ಯಾಚೂ ಸೋತ್ರು. ನಂಗೆ ತುಂಬಾ ಬೇಜಾರಾಯ್ತು. ಹ್ಯೂಸ್ಟನ್‌ನಲ್ಲಿ ಡ್ರೆಕ್ಸ್ಲರ್, ಸೇಂಟ್ ಜಾನ್ಸ್‌ನಲ್ಲಿ ಮಲಿನ್, ಇವರೂ ಎನ್‌ಬಿಎ ಸ್ಟಾರ್‌ಗಳೇ, ಅದೇ ಕತೆ. ಡ್ಯೂಕ್‌ನ ಕೋಚ್ ಕೆ ಪ್ರೊ ಆಡೇ ಇಲ್ಲ, 5 ಟೈಟಲ್ ಗೆದ್ರು.

ಹುಬ್ಬಳ್ಳಿ_ಗಾರ್ಡ್:
ನಾ ಕಾಲೇಜಿಗೆ ಆಡುಮುಂದ ನಮ್ಮ ಸರ್ ಸ್ಟೇಟ್ ಟೀಮಿಗೂ ಆಡಿದವರಲ್ರಿ. ಸಿಮೆಂಟ್ ಕೋರ್ಟಿನ ಮ್ಯಾಲೆ ನನ್ನ ಎರಡೂ ಬೂಟಿನ ಸುತ್ತ ಸೀಮೆಸುಣ್ಣದಾಗ ಗೆರಿ ಹೊಡದು, ಎಡಗಾಲು ಗೆರಿ ದಾಟಿದ್ರ ಟ್ರಾವೆಲಿಂಗ್ (ಬಾಲ್ ಹಿಡಕೊಂಡು ಕಾಲು ಸರಿಸಿದ ತಪ್ಪು), ಮತ್ತ ಮೊದಲಿಂದ ಮಾಡು ಅಂತಿದ್ರು. ಒಂದು ವಾರ ಬರೇ ಪಿವಟ್, ಅಂದ್ರ ಒಂದು ಕಾಲು ಊರಿ ತಿರಗೂದು, ಶಾಟ್ ಹೊಡಿಯಾಕ ಬಿಡಲಿಲ್ಲ. ಮುಂದ ನ್ಯಾಶನಲ್ಸ್ ಆಡಿದವರೊಬ್ರು ಬಂದ್ರು, ಕೈ ಹೆಂಗ ತಿರುವಬೇಕು ಸರ್ ಅಂದ್ರ "ಅದು ತಾನಾ ಬರತೈತಿ ತಮ್ಮಾ" ಅನ್ನೋರು. ಅವರಿಗೆ ತಾನಾ ಬಂದಿತ್ತು, ನಮಗ ಬರಲಿಲ್ಲ. ಯುಸಿಎಲ್ಎದ ಜಾನ್ ವುಡನ್ ಹುಡುಗರಿಗೆ ಕಾಲಚೀಲ ಸುಕ್ಕಿಲ್ಲದಂಗ ಹಾಕ್ಕೊಳ್ಳೂದ್ರಿಂದ ಪಾಠ ಚಾಲೂ ಮಾಡ್ತಿದ್ರು, ಬೊಬ್ಬಿ ಬರಬಾರದಂತ. 12 ವರ್ಷದಾಗ 10 ಟೈಟಲ್! ಅವರೂ ಪ್ರೊ ಆಡಿದವರ, ಆದ್ರ ಆಗನೂ ಹೈಸ್ಕೂಲಿನ್ಯಾಗ ಮಾಸ್ತರಕಿ ಬಿಟ್ಟಿರಲಿಲ್ಲ.

ಮೂರು_ಪಾಯಿಂಟ್:
ಪ್ರೊ ಆಡಿದ್ದೇ ದಂಡ ಅನ್ನೋದನ್ನ ನಾನು ಒಪ್ಪಲ್ಲ. ಕೆವಿನ್ ಓಲಿ 13 ಸೀಸನ್ ಎನ್‌ಬಿಎ ಆಡಿ 2014ರಲ್ಲಿ ಯುಕಾನ್‌ಗೆ ಟೈಟಲ್ ತಂದ್ರು, ಟೋನಿ ಬೆನೆಟ್ ವರ್ಜೀನಿಯಾಗೆ 2019ರಲ್ಲಿ, ಬಿಲ್ಲಿ ಡೊನೊವನ್ ಫ್ಲೋರಿಡಾಗೆ ಎರಡು. ಇವರ್ಯಾರೂ ಸ್ಟಾರ್ ಅಲ್ಲ ನೋಡಿ, ಬೆಂಚಲ್ಲಿ ಕೂತು ಆಟ ನೋಡಿದೋರು. ಯೂಯಿಂಗ್‌ರ ಗುರು ಜಾನ್ ಥಾಮ್ಸನ್ ಕೂಡ ಸೆಲ್ಟಿಕ್ಸ್‌ನಲ್ಲಿ ಸ್ಟಾರ್ ಬಿಲ್ ರಸೆಲ್ ಹಿಂದೆ ಎರಡು ವರ್ಷ ಬೆಂಚು ಕಾದೋರೇ. ತನಗೆ ಸುಲಭವಾಗಿ ಬರದೇ ಇದ್ದದ್ದನ್ನೇ ಮನುಷ್ಯ ಬಿಡಿಸಿ ಹೇಳಬಲ್ಲ ಅಂತ ನನ್ನ ನಂಬಿಕೆ.

ಆ್ಯನ್‌ಆರ್ಬರ್_ಕನ್ನಡಿಗ:
ಬೆಂಚ್ ಮಾತು ಚೆನ್ನಾಗಿದೆ, ಆದ್ರೆ ಹೊವಾರ್ಡ್ ಕೂಡ ಕೊನೇ ವರ್ಷಗಳಲ್ಲಿ ಬೆಂಚಲ್ಲೇ ಇದ್ರು, ಮಯಾಮಿಯಲ್ಲಿ ಆರು ವರ್ಷ ಅಸಿಸ್ಟೆಂಟ್ ಕೂಡ. ಕಾಲೇಜಲ್ಲಿ ಮಾತ್ರ ಅಸಿಸ್ಟೆಂಟ್ ಆಗಿರ್ಲಿಲ್ಲ, 18 ವರ್ಷದ ಹುಡುಗನ ಮನೆಗೆ ಹೋಗಿ ನಮ್ಮ ಟೀಮಿಗೆ ಕಳಿಸಿ ಅಂತ ಅವರಮ್ಮನ್ನ ಒಪ್ಪಿಸೋ ಕೆಲಸ ಎನ್‌ಬಿಎನಲ್ಲಿ ಎಲ್ಲಿರುತ್ತೆ? ಮೇ ಹೆಡ್ ಕೋಚ್ ಆಗೋ ಮುಂಚೆ ಎಷ್ಟೋ ಕಾಲೇಜಲ್ಲಿ ಅದನ್ನೇ ಮಾಡಿದ್ರು. ಹುಬ್ಬಳ್ಳಿ ಸರ್, ಆ ಸೀಮೆಸುಣ್ಣದ ಡ್ರಿಲ್‌ನಲ್ಲಿ ಎರಡು ಕಾಲಿನ ಮಧ್ಯೆ ಎಷ್ಟು ಜಾಗ ಬಿಡಿಸ್ತಿದ್ರು? ಮಗಳು ಈಗ ಸ್ಕೂಲ್ ಟೀಮಿಗೆ ಸೇರಿದಾಳೆ, ಶನಿವಾರ ಗ್ಯಾರೇಜ್ ಮುಂದೆ ಗೆರೆ ಹಾಕಿಕೊಡ್ಬೇಕು.