ಪಟ್ಟೆ ಸೀರೆ ಅಂದ್ರೆ ಯಾವ ಸೀರೆ?

ದಾವಣಗೆರೆ ಹುಡುಗಿ:
ಮದುವೆಯಾಗಿ ಪುತ್ತೂರಿಗೆ ಬಂದು ಮೂರು ತಿಂಗಳಾಯ್ತು. ಮೊನ್ನೆ ಮನೇಲಿ ಸತ್ಯನಾರಾಯಣ ಪೂಜೆ. ಹಿಂದಿನ ರಾತ್ರಿ ಅತ್ತೆ "ನಾಳೆ ಪಟ್ಟೆ ಸೀರೆಯೇ ಉಡು, ಆಯ್ತಾ" ಅಂದ್ರು. ಸೂಟ್‌ಕೇಸೆಲ್ಲ ಕೆದಕಿ, ನೀಲಿ ಮೇಲೆ ಬಿಳಿ ಪಟ್ಟೆ ಇರೋ ಕಾಟನ್ ಸೀರೆ ಉಟ್ಟು ಬಂದೆ. ಅತ್ತೆ ಮುಖ ನೋಡಬೇಕಿತ್ತು! ನಾದಿನಿ ಒಳಗೆ ಕರೆದು ಹೇಳಿದ್ಳು, ಇಲ್ಲಿ ಪಟ್ಟೆ ಅಂದ್ರೆ ರೇಷ್ಮೆಯಂತೆ. ನಮ್ಮೂರಲ್ಲಿ ಪಟ್ಟೆ ಅಂದ್ರೆ ಹುಲಿ ಮೈಮೇಲಿರೋದು, ನಮ್ಮಪ್ಪನ ಪಟ್ಟಾಪಟ್ಟಿ ಚಡ್ಡಿ ಮೇಲಿರೋದು. ಇವೆರಡೂ ಒಂದೇ ಪದಾನಾ?

ನಿವೃತ್ತ ಮೇಷ್ಟ್ರು:
ಬೇರು ಒಂದೇ ಕಣಮ್ಮ. ಸಂಸ್ಕೃತದ 'ಪಟ್ಟ'ಕ್ಕೆ ಬಟ್ಟೆಯ ಉದ್ದನೆ ತುಂಡು ಅಂತಲೂ ಅರ್ಥ, ರೇಷ್ಮೆ ಅಂತಲೂ ಅರ್ಥ. ನಿಮ್ಮತ್ತೆಯ ಊರು ರೇಷ್ಮೆಯನ್ನು ಹಿಡಿಯಿತು. ತಮಿಳು, ಮಲಯಾಳದ 'ಪಟ್ಟು' ಕೂಡ ಅದೇ. ನಿಮ್ಮೂರು ತುಂಡನ್ನು ಹಿಡಿಯಿತು, ಆ ತುಂಡಿನಂತೆ ಕಾಣುವ ಅಗಲ ಗೆರೆಯೂ ಪಟ್ಟೆಯಾಯಿತು. ಗಾಯಕ್ಕೆ ಸುತ್ತುವ ಪಟ್ಟಿ ಇದರ ನೆಂಟ. ಅಷ್ಟೇಕೆ, ರಾಜನಿಗೆ ಪಟ್ಟ 'ಕಟ್ಟು'ತ್ತಿದ್ದರು ಅಂತೀವಲ್ಲ, ಅದು ಹಣೆಗೆ ಕಟ್ಟುತ್ತಿದ್ದ ಪಟ್ಟಿ. ಪಟ್ಟದಕಲ್ಲಿನ ಹೆಸರಲ್ಲಿ ಇರುವುದೂ ಅದೇ ಪಟ್ಟ. 'ಪಟ್ಟಾಪಟ್ಟಿ' ನೋಡಲು ಮುಷ್ಟಾಮುಷ್ಟಿ, ಖಡ್ಗಾಖಡ್ಗಿಗಳ ಅಚ್ಚಿನಲ್ಲಿದೆ. ಅಲ್ಲಿ ಹೊಡೆದಾಟ, ಇಲ್ಲಿ ಬರೀ ಚಡ್ಡಿ.

ಅಚ್ಚಗನ್ನಡದವ:
ಮೇಷ್ಟ್ರೇ, ನಮ್ಮದೇ 'ಬರೆ' ಇದೆಯಲ್ಲ! ಹುಲೀನ ನೋಡಿ ನರಿ ಬರೆ ಹಾಕ್ಕೊಂಡಂತೆ. ಕಾದ ಕಬ್ಬಿಣದಲ್ಲಿ ಎಳೆದರೂ ಬರೆ, ಪುಸ್ತಕದಲ್ಲಿ ಗೀಚಿದರೂ ಬರೆ. ತಮಿಳಲ್ಲಿ ಅದು 'ವರಿ'. ಅಲ್ಲಿನ 'ವೆಳ್ಳಿ' ನಮ್ಮಲ್ಲಿ ಬೆಳ್ಳಿ ಆಗಿರೋ ಹಾಗೆ. ಅವರು ಜೀಬ್ರಾಗೆ 'ವರಿಕ್ಕುದಿರೈ' ಅಂತಾರೆ, ಬರೆಗುದುರೆ. ನಾವ್ಯಾಕೆ ಜೀಬ್ರಾ ಅಂತಾನೇ ಕೂತಿದ್ದೀವೋ.

ಇಳಕಲ್ಲ ಕಡೆಯಾಂವ:
ಪದಾ ನಿಮಗ ಗೊತ್ತು, ನಾ ಮಗ್ಗದ ಮಾತು ಹೇಳ್ತೀನ್ರಿ. ಉದ್ದನ ಪಟ್ಟಿ ಹಾಸಿನ್ಯಾಗ, ಅಂದ್ರ ಮಗ್ಗಕ್ಕ ಉದ್ದಕ ಕಟ್ಟೂ ಎಳ್ಯಾಗ, ಬರ್ತೈತಿ. ನೇಯಾಕ ಕುಂದ್ರೂಕಿಂತ ಮೊದ್ಲ ಬಣ್ಣದ ಎಳಿ ಎಣಿಸಿ ಹಾಸಬೇಕು, ತಪ್ಪಿದ್ರ ಸೀರಿ ತುಂಬ ತಪ್ಪು. ಅಡ್ಡ ಪಟ್ಟಿ ಹೊಕ್ಕಿಂದು, ಅಂದ್ರ ಅಡ್ಡ ಹಾಯೂ ಎಳೀದು. ಆ ಎಳಿ ಒಯ್ಯೂ ಲಾಳಿ ಬದಲಿ ಮಾಡಿದ್ರ ಮುಗೀತು. ಅಕ್ಕಾರ, ರೇಷ್ಮಿ ಎಳ್ಯಾಗ ಪಟ್ಟಿ ಹಾಕಿ ನೇಯ್ದ್ರ ನೀವೂ ಖರೆ, ನಿಮ್ಮತ್ತೀನೂ ಖರೆ.

ದಾವಣಗೆರೆ ಹುಡುಗಿ:
ಇದನ್ನ ಅತ್ತೆಗೆ ಓದಿ ಹೇಳಿದೆ, ನಕ್ಕರು. ಮುಂದಿನ ತಿಂಗಳು ನಾದಿನಿ ನಿಶ್ಚಿತಾರ್ಥ. ಈ ಸಲ "ರೇ-ಷ್ಮೆ ಸೀರೆ" ಅಂತ ಬಿಡಿಸಿ ಬಿಡಿಸಿ ಹೇಳಿದ್ದಾರೆ.